ದಾಸವಾಳದ ಮುಖ ಯಾವ ಕಡೆ

ಒಂದು ಸಂಸಾರದ ಇತಿಹಾಸದಲ್ಲಿ ಎರಡೋ ಮೂರೋ ನಿರ್ಧಾರಗಳು ಮಾತ್ರ ಮುಂದಿನ ತಲೆಮಾರಿನವರೆಗೂ ನೆರಳು ಚಾಚುತ್ತವೆ: ಯಾರನ್ನು ಮದುವೆಯಾಗುವುದು, ಆಸ್ತಿಯನ್ನು ಹೇಗೆ ಪಾಲು ಮಾಡುವುದು, ಮತ್ತು ಮನೆಯ ಮುಂದಿನ ಅಷ್ಟಗಲ ನೆಲದಲ್ಲಿ ಯಾವ ಹೂವಿನ ಗಿಡ ಹಾಕುವುದು. ಪರದೆಯಮ್ಮನ ಮನೆಯಲ್ಲಿ ಮೊದಲೆರಡನ್ನು ಹಿರಿಯರು ಎಂದೋ, ಹೆಚ್ಚು ತಲೆ ಕೆಡಿಸಿಕೊಳ್ಳದೆ, ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಟ್ಟಿದ್ದರು. ಮೂರನೆಯದು ಬಾಕಿಯಿತ್ತು. ಅದನ್ನು ಪರದೆಯಮ್ಮ ಒಂದು ಭಾನುವಾರ ಊಟದ ಹೊತ್ತಿನಲ್ಲಿ, ಗಂಡನ ಬಾಯಲ್ಲಿ ತುತ್ತಿರುವ ಸಮಯ ನೋಡಿಕೊಂಡು ಘೋಷಿಸಿದರು.

“ರೀ, ಮುಂದುಗಡೆ ಹೂವಿನ ಗಿಡ ಹಾಕಿಸ್ತೀನಿ.”

ಬಾಯಲ್ಲಿ ತುತ್ತಿರುವವರು ಬೇಡ ಎನ್ನಲಾರರು. ಅವರು ಅಗಿದು, ನುಂಗಿ, ನೀರು ಕುಡಿದು ಬಾಯಿ ತೆರೆಯುವಷ್ಟರಲ್ಲಿ ನಿರ್ಧಾರ ಹಳೆಯದಾಗಿತ್ತು.

ಪರದೆಯಮ್ಮ ಎಂದು ಬೀದಿ ಅವರನ್ನು ಕರೆಯುತ್ತಿದ್ದುದು ಅವರು ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿಯುತ್ತಿದ್ದುದರಿಂದ. ಗಂಡನದು ಪೇಟೆಯ ಮೂಲೆಯಲ್ಲೊಂದು ಕನ್ನಡಕದ ಅಂಗಡಿ. ಹಾಗಾಗಿ ಅವರು ಕನ್ನಡಕದವರು. ಒಬ್ಬರ ಕಸುಬು ಜನರಿಗೆ ಕಾಣದ ಹಾಗೆ ಮಾಡುವುದು, ಇನ್ನೊಬ್ಬರದು ಕಾಣುವ ಹಾಗೆ ಮಾಡುವುದು. ಇಂಥ ಜೋಡಿ ಇಷ್ಟು ವರ್ಷ ಕೂಡಿ ಬಾಳಿದ್ದೇ ಒಂದು ವಿಶೇಷ ಎಂದು ಎದುರು ಮನೆಯ ಅತ್ತಿಗೆ ಆಗಾಗ ಹೇಳುತ್ತಿದ್ದರು.

ಎದುರು ಮನೆಯ ಅತ್ತಿಗೆಗೆ ಹೇಳುವುದು ಬೇಕಾದಷ್ಟಿತ್ತು, ಕಷ್ಟ ಶುರುವಾದದ್ದೇ ಅಲ್ಲಿ. ಅವರು ಕನ್ನಡಕದವರ ಒಡಹುಟ್ಟಿದ ಅಕ್ಕ. ರಸ್ತೆಯ ಆಚೆ ಬದಿಯಲ್ಲಿ, ಜಗಲಿಗೆ ಜಗಲಿ ಎದುರಾಗುವಂತೆ ಅವರ ಮನೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ಆಪರೇಟರುಗಳ ಅಗತ್ಯವೇ ಇಲ್ಲದ ಕಾಲ ಬಂದ ಮೇಲೂ ಕೆಲವು ವರ್ಷ ಅಲ್ಲೇ ಕುಳಿತು ನಿವೃತ್ತರಾದವರು. ಊರಿನ ಅರ್ಧ ಸಂಬಂಧಗಳು ಕುದುರಿದ್ದೂ ಮುರಿದದ್ದೂ ಅವರ ಕಿವಿಯ ಮೂಲಕವೇ. ಆ ನೌಕರಿ ಪಿಂಚಣಿಯ ಜೊತೆಗೆ ಅವರಿಗೆ ಇನ್ನೆರಡನ್ನು ಕೊಟ್ಟಿತ್ತು: ಕೂಗದೆಯೇ ದೂರ ಮುಟ್ಟುವ ದನಿ, ಮತ್ತು ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲದವರ ಮುಖ.

ನಡುವೆ ಕೆಲವು ಕಾಲ ಅತ್ತಿಗೆಯ ಕಣ್ಣಿಗೆ ಪೊರೆ ಬಂದು ಬೀದಿಗೆಲ್ಲ ಒಂದಿಷ್ಟು ನೆಮ್ಮದಿಯಿತ್ತು. ಆಮೇಲೆ ಆಪರೇಷನ್ ಆಯಿತು. ತಮ್ಮ ತಾನೇ ಅಳತೆ ತೆಗೆದು, ತಾನೇ ಗಾಜು ಕೂರಿಸಿ, ಜೀವಮಾನದ ಕಸುಬನ್ನೆಲ್ಲ ಧಾರೆಯೆರೆದು ಅಕ್ಕನಿಗೊಂದು ಕನ್ನಡಕ ಮಾಡಿಕೊಟ್ಟ. ಹಾಕಿಕೊಂಡ ದಿನವೇ ಅತ್ತಿಗೆ ತಮ್ಮ ಜಗಲಿಯಲ್ಲಿ ಕುಳಿತು, ಈಚೆ ಜಗಲಿಯಲ್ಲಿದ್ದ ಬಿಸ್ಕತ್ತು ಪೊಟ್ಟಣದ ಮೇಲಿನ ಹೆಸರು ಓದಿ, ಆ ಕಂಪನಿಯದು ಯಾವಾಗಲೂ ಮೆತ್ತಗಾಗಿರುತ್ತೆ ಎಂದರು. ಪೊಟ್ಟಣ ಒಡೆದು ನೋಡಿದರೆ ಮೆತ್ತಗೇ ಆಗಿತ್ತು.

ಬಿಸ್ಕತ್ತನ್ನು ಪರದೆಯಮ್ಮ ಸಹಿಸಿಕೊಂಡರು. ಸಹಿಸಲಾಗದ್ದು ಬೇರೆಯಿತ್ತು. ಹೊಲಿಗೆ ಯಂತ್ರ ಒಳಕೋಣೆಯಲ್ಲಿತ್ತು; ಹೊಲಿಯುವುದು ದೀಪದ ಬೆಳಕಿನಲ್ಲೂ ಆಗುತ್ತದೆ. ಆದರೆ ತಪ್ಪಿದ ಹೊಲಿಗೆಯನ್ನು ಬಿಚ್ಚಬೇಕಾದರೆ ಬಿಸಿಲೇ ಬೇಕು. ದಾರ ಬಟ್ಟೆಯ ಬಣ್ಣದ್ದೇ ಆಗಿರುವುದರಿಂದ ಕಳ್ಳನ ಹಾಗೆ ನೇಯ್ಗೆಯಲ್ಲಿ ಅಡಗಿ ಕೂತಿರುತ್ತದೆ. ಅದಕ್ಕಾಗಿ ಅವರು ದಿನಾ ಬೆಳಿಗ್ಗೆ ಜಗಲಿಯ ಕುರ್ಚಿಯಲ್ಲಿ ಕುಳಿತು, ಮಡಿಲಲ್ಲಿ ಬಟ್ಟೆ ಹರಡಿ, ಬ್ಲೇಡಿನ ತುದಿಯಿಂದ ಹಿಂದಿನ ದಿನದ ತಪ್ಪುಗಳನ್ನು ಒಂದೊಂದಾಗಿ ಎತ್ತುತ್ತಿದ್ದರು. ಬಿಚ್ಚದವರು ಯಾರೂ ಒಳ್ಳೆಯ ಹೊಲಿಗೆಯವರಲ್ಲ. ಇದು ಹೊಲಿಯುವವರಿಗೆಲ್ಲ ಗೊತ್ತು, ಹೊಲಿಸುವವರಿಗೆ ಗೊತ್ತಿರಬಾರದು. ಜಗಲಿ ಪೂರ್ವಕ್ಕೆ ಮುಖ ಮಾಡಿತ್ತು. ಬೆಳಗಿನ ಬಿಸಿಲು ಅತ್ತಿಗೆಯ ಮನೆಯ ಮಾಡಿನ ಮೇಲಿಂದ ಹಾಯ್ದು, ನಾಟಕದ ರಂಗಕ್ಕೆ ಬೆಳಕು ಬಿಟ್ಟ ಹಾಗೆ ನೇರವಾಗಿ ಇವರ ಮೇಲೆಯೇ ಬೀಳುತ್ತಿತ್ತು. ನೆರಳಿನಲ್ಲಿ ಕುಳಿತ ಪ್ರೇಕ್ಷಕರು ಅತ್ತಿಗೆ.

“ಮತ್ತೆ ಬಿಚ್ತಾ ಇದ್ದೀಯೇನೇ?”

ದಿನಾ ಬೆಳಿಗ್ಗೆ ಈ ಪ್ರಶ್ನೆ ರಸ್ತೆ ದಾಟಿ ಬರುತ್ತಿತ್ತು. ಪರದೆಯಮ್ಮ ತಲೆ ಎತ್ತದೆ, ಕೇಳಿಸದವರ ಹಾಗೆ ಇರುತ್ತಿದ್ದರು. ಒಂದು ದಿನ ಮಾತ್ರ ಅದಕ್ಕೆ ಬಾಲ ಸೇರಿಕೊಂಡಿತು: ಹಲ್ಲಿನ ಡಾಕ್ಟರದಾ, ಈ ಸಲ ಏನು, ಗಿಡ್ಡ ಆಯ್ತಾ? ಅದೇ ಗಳಿಗೆಯಲ್ಲಿ ಹಲ್ಲಿನ ಡಾಕ್ಟರಮ್ಮ ತಮ್ಮ ಪರದೆ ಎಲ್ಲಿಗೆ ಬಂತೆಂದು ನೋಡಲು ಬಂದು ಗೇಟಿನ ಮೇಲೆ ಕೈಯಿಟ್ಟಿದ್ದರು. ಬಾಯಿ ತೆರೆದವರನ್ನು ನೋಡುವುದು ಡಾಕ್ಟರಮ್ಮನಿಗೆ ಅಭ್ಯಾಸ. ಪರದೆಯಮ್ಮನ ತೆರೆದ ಬಾಯನ್ನು ಶಾಂತವಾಗಿ ನೋಡಿ, ನೀವು ತೊಂದರೆ ತಗೋಬೇಡಿ ಎಂದು ಅರ್ಧ ಬಿಚ್ಚಿದ ಬಟ್ಟೆಯನ್ನು ಸುತ್ತಿಕೊಂಡು ಹೋದರು. ಈಗ ಆ ಕ್ಲಿನಿಕ್ಕಿನಲ್ಲಿ ಅಂಗಡಿಯಿಂದ ತಂದ ರೆಡಿಮೇಡ್ ಪರದೆಗಳು ತೂಗುತ್ತಿವೆ. ಪರದೆಯಮ್ಮನ ಬಲದವಡೆಯ ಹಲ್ಲು ನೋಯುತ್ತಿದ್ದರೂ ಅವರು ಆ ಕಡೆ ಕಾಲಿಡಲಿಲ್ಲ.

ಮೊದಲು ಅವರು ಗಂಡನನ್ನು ಕೇಳಿದರು. ಅಕ್ಕನ ಕನ್ನಡಕದ ನಂಬರನ್ನು ಒಂಚೂರು ಇಳಿಸಿದರೆ ಏನು ಗಂಟು ಹೋಗುತ್ತದೆ? ಪೂರ್ತಿ ಅಲ್ಲ, ರಸ್ತೆಯ ಅರ್ಧದವರೆಗೆ ಕಂಡರೆ ಸಾಕು. ಕನ್ನಡಕದವರು ಮದುವೆಯಾದ ಮೇಲೆ ಮೊದಲ ಬಾರಿಗೆ ಹೆಂಡತಿಯನ್ನು ಅಪರಿಚಿತರನ್ನು ನೋಡುವ ಹಾಗೆ ನೋಡಿದರು. ಬೇರೆ ಏನು ಬೇಕಾದರೂ ಕೇಳು, ಕಸುಬಿನ ಮೇಲೆ ಕೈ ಇಡಬೇಡ ಎಂದರು.

ಆಮೇಲೆ ಕುರ್ಚಿಯನ್ನು ಜಗಲಿಯ ಬಲಮೂಲೆಗೆ ಎಳೆದುಕೊಂಡರು. ಅರ್ಧ ನಿಮಿಷದಲ್ಲಿ ಆಚೆ ಜಗಲಿಯಲ್ಲೂ ಕುರ್ಚಿ ಕರಕರ ಎಂದು ಎಳೆದ ಸದ್ದಾಯಿತು. ಎಡಮೂಲೆಗೆ ಹೋದರು, ಆ ಸದ್ದೂ ಹಿಂದೆಯೇ ಬಂತು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎಂದಿತಂತೆ.

ಊರಿಗೆಲ್ಲ ಪರದೆ ಹೊಲಿಯುವವರು ತಮ್ಮ ಜಗಲಿಗೊಂದು ಪರದೆ ಕಟ್ಟಿಕೊಳ್ಳಬಾರದೇ ಎಂದು ಯಾರಾದರೂ ಕೇಳಬಹುದು. ಹಾಗೆ ಕೇಳುವವರಿಗೆ ಗಂಡನ ಅಕ್ಕ ಇಲ್ಲವೆಂದೇ ಅರ್ಥ. ಎದುರು ಮನೆಯ ನೇರಕ್ಕೆ ಪರದೆ ಕಟ್ಟಿದರೆ ಅದು ಬಟ್ಟೆಯಲ್ಲ, ಮಾತು. ಹೂವಿನ ಗಿಡವಾದರೆ ಹಾಗಲ್ಲ. ಹೂವು ಕಂಡು ಮುಖ ಸಿಂಡರಿಸಿಕೊಂಡವರು ಯಾರೂ ಇಲ್ಲ. ಭಾನುವಾರದ ಆ ಘೋಷಣೆಯ ಹಿಂದಿದ್ದ ರಾಜಕೀಯ ಇಷ್ಟೇ.

ನರ್ಸರಿಯಲ್ಲಿ ಪರದೆಯಮ್ಮ ಗಿಡ ಆರಿಸಿದ ರೀತಿಯನ್ನು ನರ್ಸರಿಯವನು ಬಹಳ ದಿನ ಜ್ಞಾಪಕದಲ್ಲಿ ಇಟ್ಟುಕೊಂಡಿದ್ದ. ಬರುವವರೆಲ್ಲ ಹೂವಿನ ಬಣ್ಣ ನೋಡುತ್ತಾರೆ, ವಾಸನೆ ನೋಡುತ್ತಾರೆ, ದಿನಕ್ಕೆಷ್ಟು ನೀರು ಎನ್ನುತ್ತಾರೆ. ಇವರು ಕುಂಡವನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಗಿಡದ ಮೂಲಕ ಆಚೆ ನಿಂತವನು ಎಷ್ಟು ಕಾಣುತ್ತಾನೆ ಎಂದು ನೋಡಿದರು. ಆಚೆ ನಿಂತವನು ಅವನೇ. ಗುಲಾಬಿಯ ಹಿಂದೆ ಅವನು ಪೂರ್ತಿ ಕಂಡ. ಇದು ಸೊಳ್ಳೆಪರದೆ, ಬೇಡ ಎಂದರು. ಜರಿಗಿಡದ ಹಿಂದೆ ಅವನ ಮೀಸೆ ಕಂಡಿತು. ಅದೂ ಜಾಲರಿ ಬಟ್ಟೆಯೇ. ಕಾಗದದ ಹೂವಿನ ಬಳ್ಳಿಗೆ ಮೈತುಂಬ ಬಣ್ಣವೇನೋ ಇತ್ತು, ಆದರೆ ಮುಟ್ಟಿದ್ದಕ್ಕೆ ಬೆರಳಿಗೆ ಮುಳ್ಳು ಚುಚ್ಚಿತು. ಬೆರಳಿಗೆ ಚುಚ್ಚುವುದಕ್ಕೆ ಮನೆಯಲ್ಲಿ ಸೂಜಿಗಳಿವೆ ಎಂದು ಅದನ್ನೂ ಬಿಟ್ಟರು. ಕ್ರೋಟನ್ ದಪ್ಪಗಿತ್ತು, ಒಳ್ಳೆಯ ಮರೆ, ಆದರೆ ಅದಕ್ಕೆ ಆಸ್ಪತ್ರೆಯ ವೆರಾಂಡದ ಕಳೆಯಿತ್ತು. ಚೆಂಡುಹೂವು ಮೊಣಕಾಲಿನವರೆಗೂ ಬರದು. ಅಂಚಿಗೆ ಝಾಲರಿಯಾಗಿ ಪರವಾಗಿಲ್ಲ ಎಂದು ಒಂದಿಷ್ಟು ತೆಗೆದಿಡಿಸಿದರು. ಕಡೆಗೆ ಕೆಂಪು ದಾಸವಾಳ. ಎದೆಯೆತ್ತರಕ್ಕೆ ಬೆಳೆದು ಒತ್ತಾಗಿ ಎಲೆಯಿಟ್ಟ ಗಿಡ. ಅದರ ಹಿಂದೆ ನಿಂತ ನರ್ಸರಿಯವನು ಇದ್ದಾನೋ ಇಲ್ಲವೋ ತಿಳಿಯದಾಯಿತು.

“ಇದರ ಮುಖ ಯಾವ ಕಡೆ?” ಎಂದರು ಪರದೆಯಮ್ಮ.

ನರ್ಸರಿಯವನಿಗೆ ಪ್ರಶ್ನೆ ಹೊಸದು. ಆದರೆ ವ್ಯಾಪಾರಿ, ಗೊತ್ತಿಲ್ಲ ಎನ್ನುವವನಲ್ಲ. ಕುಂಡವನ್ನು ಒಂದು ಸುತ್ತು ತಿರುಗಿಸಿ, ಹೂವು ಹೆಚ್ಚಿದ್ದ ಕಡೆಗೆ ಕೈ ತೋರಿಸಿ, “ಇದೇ ಕಣಮ್ಮ ಮುಖ” ಎಂದು ಖಚಿತವಾಗಿ ಹೇಳಿದ.

ಬಟ್ಟೆಗೊಂದು ಮುಖ, ಒಂದು ಬೆನ್ನು ಇರುತ್ತದೆ. ಪರದೆಯ ಮುಖ ಮನೆಯವರಿಗೆ, ಬೆನ್ನಿನ ಅಸ್ತರು ಬೀದಿಗೆ. ಇದು ಕಸುಬಿನ ಮೊದಲ ಪಾಠ. ಕಾಸು ಕೊಟ್ಟವರು ಅಸ್ತರು ನೋಡುತ್ತಾ ಕೂರಬೇಕೇ? ಪರದೆಯಮ್ಮ ಚೀಲದಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ಪ್ರತಿ ಗಿಡದ ಬುಡದ ಕಾಂಡಕ್ಕೆ, ಮುಖದ ಕಡೆ, ಒಂದೊಂದು ಗೀಟು ಎಳೆದರು. ಸಾಲಿಗೆ ಎಷ್ಟು ಗಿಡ ಸಾಕು ಎಂದು ನರ್ಸರಿಯವನು ಹೇಳಿದ್ದಕ್ಕೆ, ನೆರಿಗೆ ಇಲ್ಲದ ಪರದೆ ಬರೀ ಬಟ್ಟೆ ಎಂದು ಅದರ ಎರಡರಷ್ಟು ಕೊಂಡರು. ಅವನು ಬೇಡ ಎನ್ನಲಿಲ್ಲ.

ನೆಡುವ ದಿನ ಅತ್ತಿಗೆ ತಮ್ಮ ಜಗಲಿಯಿಂದ ಕದಲಲಿಲ್ಲ. ಪರದೆಯಮ್ಮ ಮೊದಲ ಗಿಡವನ್ನು ತಮ್ಮ ಕುರ್ಚಿಗೂ ಎದುರು ಕುರ್ಚಿಗೂ ನಡುವಿನ ನೇರಕ್ಕೆ ನೆಟ್ಟರು. ಅಲ್ಲಿಂದ ಎಡಕ್ಕೂ ಬಲಕ್ಕೂ ಸಾಲು ಹಿಡಿದು ಹೋದರು. ಸುಣ್ಣದ ಗೀಟೆಲ್ಲ ಮನೆಯ ಕಡೆಗೆ. ಆಳು ಒಂದು ಗಿಡವನ್ನು ತಿರುಗುಮುರುಗಾಗಿ ಇಟ್ಟದ್ದಕ್ಕೆ ಮಣ್ಣು ತೆಗೆಸಿ ಮತ್ತೆ ನೆಡಿಸಿದರು. ಇದೇನು ಇಷ್ಟೊಂದು ಒತ್ತಾಗಿ ಎಂದು ಅತ್ತಿಗೆ ಕೇಳಿದ್ದಕ್ಕೆ, ಮನೆಗೆ ಒಂದು ಅಂದ ಬರಲಿ ಅಂತ ಎಂದಷ್ಟೇ ಹೇಳಿದರು. ಕನ್ನಡಕದವರು ಅಂಗಡಿಯಲ್ಲಿ ತುರ್ತು ಕೆಲಸವಿದೆಯೆಂದು ಬೆಳಿಗ್ಗೆಯೇ ಹೋಗಿದ್ದರು. ಅಕ್ಕನಿಗೂ ಹೆಂಡತಿಗೂ ನಡುವೆ ಏನಾದರೂ ನೆಡುವ ದಿನ ಜಾಣರು ಮನೆಯಲ್ಲಿರುವುದಿಲ್ಲ.

ಒಂದು ಮಳೆಗಾಲ ಕಳೆಯುವುದರೊಳಗೆ ದಾಸವಾಳ ಆಳೆತ್ತರ ಮೀರಿತು. ಸಂದು ಎನ್ನುವುದು ಎಲ್ಲೂ ಉಳಿಯಲಿಲ್ಲ. ಪರದೆಯಮ್ಮ ಜಗಲಿಯಲ್ಲಿ ಕುಳಿತು ಒಂದು ಇಡೀ ಅಂಚನ್ನು ಮೊದಲಿನಿಂದ ಕೊನೆಯವರೆಗೆ ಬಿಚ್ಚಿದರು. ಯಾರೂ ಏನೂ ಕೇಳಲಿಲ್ಲ. ಸಂತೋಷಕ್ಕೆ, ಸರಿಯಾಗಿಯೇ ಇದ್ದ ಇನ್ನೊಂದು ಹೊಲಿಗೆಯನ್ನೂ ಬಿಚ್ಚಿ ಮತ್ತೆ ಹೊಲಿದರು.

ಹೂವು ಬಿಡುವ ತನಕ ಎಲ್ಲ ಸರಿಯಾಗಿತ್ತು.

ಹೂವು ಬಿಟ್ಟಿತು, ಆದರೆ ಈಚೆ ಅಲ್ಲ. ಸುಣ್ಣದ ಗೀಟನ್ನು ಗಿಡಗಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಿಸಿಲು ಬೀದಿಯ ಕಡೆಯಿಂದ ಬರುತ್ತಿತ್ತು, ಈಚೆ ಮನೆಯ ನೆರಳು. ರೆಂಬೆಗಳೆಲ್ಲ ಬೀದಿಗೆ ಬಾಗಿ, ಮೊಗ್ಗುಗಳೆಲ್ಲ ಆ ಕಡೆಗೇ ಅರಳಿ, ಪರದೆಯಮ್ಮನ ಪಾಲಿಗೆ ಒಣಕಾಂಡ, ಹಳದಿ ಎಲೆ ಮತ್ತು ಎಲೆಗಳ ಅಡಿಯಲ್ಲಿ ಸಂಸಾರ ಹೂಡಿದ್ದ ಬಿಳಿಹುಳು ಉಳಿದವು. ನೀರು ಹೊಯ್ದದ್ದು ಇವರು, ಗೊಬ್ಬರ ಹಾಕಿದ್ದು ಇವರು. ತಮ್ಮ ಮನೆಯಲ್ಲಿ, ತಮ್ಮದೇ ಕುರ್ಚಿಯಲ್ಲಿ ಅವರು ಅಸ್ತರು ನೋಡುತ್ತಾ ಕುಳಿತರು.

ಮುಖ ಅತ್ತಿಗೆಯದಾಯಿತು. ಅವರು ಅದನ್ನು ನೋಡಿ ಸುಮ್ಮನಿರಲಿಲ್ಲ. ತರಕಾರಿಯವನಿಗೆ, ಅಂಚೆಯವನಿಗೆ, ಹಾದು ಹೋಗುವವರನ್ನೆಲ್ಲ ನಿಲ್ಲಿಸಿ ಹೇಳಿದರು: ಆಪರೇಷನ್ ಆದ ಕಣ್ಣು, ಒಂದಿಷ್ಟು ತಂಪಾಗಿ ನೋಡಲಿ ಅಂತ ನನ್ನ ತಮ್ಮನ ಹೆಂಡತಿ ಕೈಯಾರೆ ಹಾಕಿದ್ದು, ಈ ಕಾಲದಲ್ಲಿ ಯಾರು ಮಾಡ್ತಾರೆ? ಬೀದಿಯವರೆಲ್ಲ ಪರದೆಯಮ್ಮನನ್ನು ಹೊಗಳತೊಡಗಿದರು. ಹಲ್ಲಿನ ಡಾಕ್ಟರಮ್ಮ ಕೂಡ ಗೇಟಿನ ಬಳಿ ನಿಂತು ಮೆಚ್ಚಿಕೊಂಡು ಹೋದರು. ಪರದೆಯಮ್ಮ ಪ್ರತಿ ಹೊಗಳಿಕೆಯನ್ನೂ ಬಿಸಿ ಹಾಲು ನುಂಗಿದವರ ಹಾಗೆ ನುಂಗಿದರು. ಇಷ್ಟು ಅಕ್ಕರೆ ನಿನಗಿತ್ತು ಅಂತ ನನಗೇ ಗೊತ್ತಿರಲಿಲ್ಲ ಎಂದು ಕನ್ನಡಕದವರು ಒಂದು ದಿನ ಹೇಳಿ, ಆ ದಿನವೆಲ್ಲ ಹೆಂಡತಿಯ ಮಾತಿಲ್ಲದೆ ಇರಬೇಕಾಯಿತು.

ಇಷ್ಟನ್ನೂ ಅವರು ಸಹಿಸುತ್ತಿದ್ದರೇನೋ. ಮರೆಯೊಂದು ಸಿಕ್ಕಿತ್ತಲ್ಲ. ಆದರೆ ಮರೆಯ ಜೊತೆ ಕತ್ತಲೂ ಬಂದಿತ್ತು. ಬಿಸಿಲು ಜಗಲಿಗೆ ಬರುವುದನ್ನೇ ಬಿಟ್ಟಿತ್ತು. ಒಂದು ಬೆಳಿಗ್ಗೆ, ಹೊಸಮನೆಯವರ ಹಸಿರು ಪರದೆಯ ಅಂಚು ಬಿಚ್ಚುತ್ತಿದ್ದಾಗ ದಾರವೆಂದುಕೊಂಡು ಬಟ್ಟೆಯನ್ನೇ ಕೊಯ್ದರು. ಬೆರಳು ತೂರುವಷ್ಟು ತೂತು. ದಾರದ ತಪ್ಪನ್ನು ಬಿಚ್ಚಬಹುದು; ಬ್ಲೇಡಿನ ತಪ್ಪಿಗೆ ಬಿಚ್ಚುವುದೆಂಬುದಿಲ್ಲ. ಅವರು ಆ ತೂತಿನ ಮೂಲಕ ತಮ್ಮ ದಾಸವಾಳದ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದರು. ಬೆಳಕು ಬೇಕು, ಮರೆಯೂ ಬೇಕು. ಅಂಥ ಗಿರಾಕಿಗಳಿಗೆ ಅವರು ಹೊಲಿದುಕೊಡುತ್ತಿದ್ದುದು ಅರ್ಧ ಪರದೆ, ಕಿಟಕಿಯ ಕೆಳಭಾಗಕ್ಕೆ ಮಾತ್ರ. ತಲೆ ಕಂಡರೆ ಕಾಣಲಿ, ಮಡಿಲು ಕಾಣಬಾರದು.

ಎದ್ದು ಒಳಗೆ ಹೋಗಿ ದೊಡ್ಡ ಕತ್ತರಿ ತಂದರು. ಬಟ್ಟೆಯ ಕತ್ತರಿಯಿಂದ ಬೇರೇನನ್ನಾದರೂ ಕತ್ತರಿಸಿದವರನ್ನು ಆ ಮನೆಯಲ್ಲಿ ಊಟಕ್ಕೆ ಕರೆಯುತ್ತಿರಲಿಲ್ಲ. ಅಂದು ಆ ಕಾನೂನನ್ನು ಅದನ್ನು ಮಾಡಿದವರೇ ಮುರಿದರು. ಹಲ್ಲು ಕಚ್ಚಿಕೊಂಡು ಎಡತುದಿಯ ಗಿಡದಿಂದ ಶುರುಮಾಡಿದರು. ಎದೆಮಟ್ಟಕ್ಕೆ ಒಂದು ದಾರ ಕಟ್ಟಿಕೊಂಡು, ಅದರ ಮೇಲಿದ್ದದ್ದನ್ನೆಲ್ಲ, ಹೂವಿರಲಿ ಮೊಗ್ಗಿರಲಿ, ಉರುಳಿಸುತ್ತಾ ಬಂದರು. ಎಡಗಡೆ ಮುಗಿಸಿ ಬಲತುದಿಗೆ ಹೋದರು. ಬೀದಿಯಲ್ಲಿ ಒಬ್ಬಿಬ್ಬರು ನಿಂತರು. ನೋಡಬಾರದೆಂದು ನೆಟ್ಟ ಗಿಡವನ್ನೇ, ಹಾಡುಹಗಲಲ್ಲಿ, ಎಲ್ಲರ ಕಣ್ಣೆದುರು ಕೆಡವಬೇಕಾಗಿ ಬಂದಿತ್ತು. ಕತ್ತರಿಯ ಪ್ರತಿ ಸದ್ದಿಗೂ ಅವರು ಆ ಪ್ರಶ್ನೆಗಾಗಿ ಕಾಯುತ್ತಿದ್ದರು. ಅದು ಬಂತು.

“ಬಿಚ್ತಾ ಇದ್ದೀಯೇನೇ?”

ಪರದೆಯಮ್ಮ ತಲೆ ಎತ್ತಿದರು. ಎರಡು ಕುರ್ಚಿಗಳ ನೇರಕ್ಕಿದ್ದ ನಡುವಿನ ಒಂದು ಗಿಡ ಮಾತ್ರ ಉಳಿದಿತ್ತು. ಅದರ ಪಕ್ಕದಿಂದ ನೋಡಿ, ಮೊದಲ ಬಾರಿಗೆ ಉತ್ತರ ಕೊಟ್ಟರು.

“ಹೌದು ಅತ್ತಿಗೆ, ಬಿಚ್ತಾ ಇದ್ದೀನಿ. ಉದ್ದ ಜಾಸ್ತಿ ಆಯ್ತು.”

ಅತ್ತಿಗೆ, ಅಲ್ಲೇ ನಿಂತು ಕತ್ತರಿಸಿದರೆ ಉದ್ದ ಎಲ್ಲಿ ಗೊತ್ತಾಗುತ್ತೆ, ಇಲ್ಲಿಂದ ನೋಡು ಬಾ ಎಂದರು.

ಮಾತು ನ್ಯಾಯವಾಗಿತ್ತು. ಯಾವ ಪರದೆಯ ಉದ್ದವನ್ನೂ ದೂರ ನಿಂತು ನೋಡದೆ ತೀರ್ಮಾನಿಸಬಾರದು. ಪರದೆಯಮ್ಮ ಗಂಡನನ್ನು ಒಳಗಿಂದ ಕರೆದು ತಮ್ಮ ಕುರ್ಚಿಯಲ್ಲಿ ಕೂರಿಸಿ, ಮಡಿಲಲ್ಲಿ ಹಸಿರು ಪರದೆ ಹರಡಿ, ಬಿಚ್ಚುವವರ ಹಾಗೆ ಬೆರಳಾಡಿಸುತ್ತಿರಿ ಎಂದು ಅಪ್ಪಣೆ ಮಾಡಿ, ಕತ್ತರಿ ಹಿಡಿದುಕೊಂಡೇ ರಸ್ತೆ ದಾಟಿದರು. ಅತ್ತಿಗೆ ಎದ್ದು ಕುರ್ಚಿ ಬಿಟ್ಟುಕೊಟ್ಟರು.

ಅಷ್ಟು ವರ್ಷಗಳಲ್ಲಿ ಪರದೆಯಮ್ಮ ಆ ಕುರ್ಚಿಯಲ್ಲಿ ಕುಳಿತದ್ದಿರಲಿಲ್ಲ. ಅಲ್ಲಿಂದ ಅವರ ಮನೆ ಬೇರೆಯವರ ಮನೆಯ ಹಾಗೆ ಕಂಡಿತು. ಎದೆಮಟ್ಟದ ಗಿಡಗಳಲ್ಲಿ ಉಳಿದ ಹೂವುಗಳೆಲ್ಲ ಈ ಕಡೆಗೇ ಮುಖ ಮಾಡಿದ್ದವು. ತಮ್ಮ ಕೆಲಸದ ಮುಖವನ್ನು ಅವರು ಮೊದಲ ಸಲ ನೋಡುತ್ತಿದ್ದರು, ಚೆನ್ನಾಗಿತ್ತು. ಬಿಸಿಲು ಜಗಲಿಗೆ ಮರಳಿತ್ತು. ನಡುವೆ ನೆಟ್ಟಗೆ ನಿಂತಿದ್ದ ಆ ಒಂದು ಗಿಡ ಗಂಡನಿಗೆ ಅಡ್ಡವಾಗಿತ್ತು. ತುಸು ಪಕ್ಕಕ್ಕೆ ವಾಲಿದರೆ ಅವರ ತಲೆ ಕಂಡಿತು, ಮಡಿಲು ಕಾಣಲಿಲ್ಲ. ಅಳತೆ ಸರಿ.

ಮಡಿಲು ಕಾಣ್ತಾ ಇಲ್ಲ ಎಂದರು ಪರದೆಯಮ್ಮ, ಗೆದ್ದವರ ದನಿಯಲ್ಲಿ.

“ನಿನ್ನ ಮಡಿಲು ಯಾರಿಗೆ ಬೇಕಾಗಿತ್ತೇ? ಬಿಚ್ಚುವಾಗ ನಿನ್ನ ಕೆಳತುಟಿ ಮೂಗು ಮುಟ್ಟುತ್ತೆ. ನಾನು ನೋಡ್ತಿದ್ದದ್ದು ಅದನ್ನ.”

ಪರದೆಯಮ್ಮನ ಕೈ ತಾನಾಗಿ ತುಟಿಗೆ ಹೋಯಿತು. ತುಟಿ ಆಗಲೂ ಮೂಗಿನ ಬಳಿಯೇ ಇತ್ತು. ಎದುರು ಜಗಲಿಯಲ್ಲಿ ಕನ್ನಡಕದವರು ಇಲ್ಲದ ದಾರವನ್ನು ನಿಷ್ಠೆಯಿಂದ ಬಿಚ್ಚುತ್ತಿದ್ದರು.

“ಗಿಡ ನನಗೋಸ್ಕರ ಹಾಕಿದ್ದು ಅಂತ ಬೀದಿಗೆಲ್ಲ ಹೇಳಿದ್ದೀನಿ,” ಎಂದರು ಅತ್ತಿಗೆ, ಬಾಗಿಲ ಚೌಕಟ್ಟಿಗೆ ಒರಗಿ. “ಯಾತಕ್ಕೋಸ್ಕರ ಅಂತ ಗೊತ್ತಾಗದೆ ಹೇಳಿದೆ ಅಂದ್ಕೊಂಡ್ಯಾ?”

ಗೊತ್ತಿದ್ದೂ ಗೊತ್ತಿಲ್ಲದವರ ಆ ಮುಖ ಈಗ ಇರಲಿಲ್ಲ. ಪರದೆಯಮ್ಮನಿಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹೇಗೂ ಬಿಚ್ಚಲು ಕುಳಿತಿದ್ದರು, ಕೊನೆಯವರೆಗೂ ಬಿಚ್ಚಿಬಿಡೋಣ ಎನಿಸಿತು.

“ಹೊಲಿಯೋದನ್ನ ಊರೆಲ್ಲಾ ನೋಡ್ಲಿ, ಅತ್ತಿಗೆ. ಬಿಚ್ಚೋಕೆ ನನಗೊಂದು ಮರೆ ಬೇಕು. ನಾನು ಕೇಳಿದ್ದು ಅಷ್ಟೇ.”

ಅತ್ತಿಗೆ ಕನ್ನಡಕ ತೆಗೆದು ಉಸಿರು ಊದಿ ಒರೆಸಿದರು. ಒರೆಸಿ ಬೆಳಕಿಗೆ ಹಿಡಿದು ನೋಡಿ, ತೃಪ್ತಿಯಾಗದೆ ಮತ್ತೆ ಒರೆಸಿದರು. ಪರದೆಯಮ್ಮ ಕತ್ತರಿ ಎತ್ತಿಕೊಂಡು ಎದ್ದು ನಿಂತರು. ಇನ್ನೊಂದು ಗಿಡ ಬಾಕಿಯಿತ್ತು. ಅರ್ಧ ಪರದೆಯಲ್ಲಿ ಒಂದು ಪಟ್ಟಿ ಮಾತ್ರ ಉದ್ದ ಬಿಟ್ಟರೆ ಹೊಲಿದವರ ಹೆಸರು ಕೆಡುತ್ತದೆ. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ದನಿ ಬಂತು. ಈ ಸಲ ಅದು ರಸ್ತೆ ದಾಟುವಷ್ಟು ದೊಡ್ಡದಾಗಿರಲಿಲ್ಲ.

“ಆ ನಡುವಿನದನ್ನ ಕತ್ತರಿಸ್ಬೇಡ. ಅದರಲ್ಲಿ ಮೊಗ್ಗು ಜಾಸ್ತಿ ಇದೆ.”

ಪರದೆಯಮ್ಮ ಗಿಡದ ಬಳಿ ಬಂದು, ಬೀದಿಯ ಕಡೆ ನಿಂತು, ಮೊಗ್ಗು ಹುಡುಕಿದರು. ಬುಡದಿಂದ ತುದಿಯವರೆಗೆ ಹುಡುಕಿದ ಮೇಲೆ ಒಂದು ಸಿಕ್ಕಿತು. ಅವರು ಕತ್ತರಿಯನ್ನು ಮುಚ್ಚಿ, ಅಂಟಿದ್ದ ಹಸಿರು ರಸವನ್ನು ಒರೆಸಿ ಒಳಗೆ ಇಟ್ಟರು.

ನಡುವಿನ ದಾಸವಾಳವನ್ನು ಕತ್ತರಿಸಲಿಲ್ಲ. ಅತ್ತಿಗೆ ಕುರ್ಚಿ ಸರಿಸಲಿಲ್ಲ.